ಮುಳುಗುವ ಎಣ್ಣೆ

ಐಸಮ್ಮನ ಬಾವಿಗೆ ಬಕೇಟು ಇಳಿಸಿದೆ.
ಮೇಲೆ ಬಂದದ್ದು ನೀರೇ, ತಿಳಿನೀರು.
ಮೂಗಿನ ಬಳಿ ಹಿಡಿದಾಗ ಮಾತ್ರ
ಮದುವೆ ಸೀರೆ ಮಡಚಿಟ್ಟ ಪೆಟ್ಟಿಗೆಯ ಮುಚ್ಚಳ ತೆರೆದ ಹಾಗೆ
ಡಾಮರು ಗುಳಿಗೆಯ ವಾಸನೆ.
"ನಮ್ಮ ಹೊಟ್ಟೆಗೆ ನುಸಿ ಹಿಡಿಯುವುದಿಲ್ಲ ಬಿಡು" ಎಂದು ನಕ್ಕರು ಐಸಮ್ಮ.
ನಗು ಮುಗಿಯುವ ಮೊದಲೇ ಟ್ಯಾಂಕರಿನ ಹಾರ್ನು ಕೇಳಿ
ಕೊಡ ಎತ್ತಿಕೊಂಡು ಓಡಿದರು.

ಸೀಸೆಗೆ ಚೀಟಿ ಅಂಟಿಸಿದೆ:
ಬಾವಿ ಹನ್ನೊಂದು. ಕೂಳೂರು ಕಡೆ. ಬೆಳಿಗ್ಗೆ ಏಳೂಕಾಲು.

ಅಪ್ಪ ಇದೇ ಕಂಪೆನಿಯಲ್ಲಿ ರಾತ್ರಿ ಪಾಳಿ.
ಕುದಿಸಿ ಕುದಿಸಿ ಎಣ್ಣೆಗಳೆಲ್ಲ ಬೇರೆಯಾದ ಮೇಲೆ
ತಳದಲ್ಲಿ ಉಳಿದು ಕಲ್ಲಾಗುವ ಕರಿ ಪಿಚ್ಚನ್ನು
ಪಿಕ್ಕಾಸಿಯಲ್ಲಿ ಒಡೆಯುವ ಕೆಲಸ.
ಆ ಹುಡಿ ಮೈಗೆ ಹತ್ತಿ, ಮೇಲೆ ಬಿಸಿಲು ಬಿದ್ದರೆ
ಚರ್ಮ ಸುಡುತ್ತದೆ.
ಅದಕ್ಕೇ ರಾತ್ರಿ. ಅದಕ್ಕೇ ಸೂರ್ಯ ಏಳುವ ಮೊದಲು
ಸಾಲಗಾರನನ್ನು ಕಂಡವರ ಹಾಗೆ ಮನೆಗೆ ಓಟ,
ಮುಖಕ್ಕೆ ತೆಂಗಿನೆಣ್ಣೆ, ಕಿಟಕಿಗೆ ಗೋಣಿ.
ನಾನು ಶಾಲೆಗೆ ಹೊರಡುವಾಗ ಕಂಡ ಅಪ್ಪನೆಂದರೆ
ಕತ್ತಲ ಕೋಣೆಯಲ್ಲಿ ಹೊಳೆಯುವ ಒಂದು ಹಣೆ.

ಕೆಟ್ಟದ್ದು ಎಂದು ಯಾರಿಗೆ ಗೊತ್ತಿತ್ತು?
ಎಪ್ರಿಲ್ ಮಧ್ಯಾಹ್ನ ಬೇಲಿಯಾಚೆಯ ನೆಲ ಬೆವರಿ ಕಪ್ಪು ಜಿನುಗಿದರೆ
ಬ್ಯಾಟಿನ ಬಿರುಕಿಗೆ ಅದನ್ನೇ ಮೆತ್ತಿದೆವು.
ಬೆಂಗರೆಯ ವಾಮನ ಸಾಲಿಯಾನ್ ದೋಣಿಯ ಹೊಟ್ಟೆಗೆ ಬಳಿದರು.
ಹುಳ ತಿನ್ನದ ಆ ದೋಣಿ
ಮೂರು ಹೆಣ್ಣುಮಕ್ಕಳ ಮದುವೆ ಮಾಡಿಸಿತು.

ಈಗ ಕೊಳವೆ ಇಳಿಸಿ ಮಣ್ಣನ್ನು ಹೊರತೆಗೆದು
ಉದ್ದಕ್ಕೆ ಸೀಳಿ ಮಲಗಿಸುತ್ತೇವೆ:
ಮುರಕಲ್ಲಿನ ಕೆಂಪು, ಹೊಯಿಗೆ,
ಮರುವಾಯಿ ಚಿಪ್ಪಿನ ಚೂರು (ಹೊಳೆ ಒಮ್ಮೆ ಇಲ್ಲಿತ್ತೇನೋ),
ಒಂಬತ್ತು ಮೀಟರಿಗೆ ಜೇಡಿ.
ಜೇಡಿಯ ಮೇಲೆ, ಬಸ್ಸಿಗೆ ಕಾದು ಕುಳಿತಂತೆ, ಅದು.

ಎಣ್ಣೆ ನೀರಿನ ಮೇಲೆ ತೇಲುತ್ತದೆ ಎಂದು
ಲೋಟದಲ್ಲಿ ತೋರಿಸಿದ್ದರು ಬಾಬಣ್ಣ ಮಾಷ್ಟ್ರು.
ಇದು ತೇಲುವುದಿಲ್ಲ ಮಾಷ್ಟ್ರೇ.
ತಳ ಸಿಗುವ ತನಕ ಇಳಿಯುತ್ತದೆ,
ತಳ ಎತ್ತ ವಾಲಿದೆಯೋ ಅತ್ತ
ಸರ್ವೆ ನಂಬರು ಕೇಳದೆ ನಡೆಯುತ್ತದೆ,
ವರ್ಷಕ್ಕೆ ನಾಲ್ಕು ಹೆಜ್ಜೆ.
ಫಲ್ಗುಣಿಗೆ ಇನ್ನು ನೂರ ನಲ್ವತ್ತು ಹೆಜ್ಜೆ.
ನನ್ನ ಹೆಜ್ಜೆಯಲ್ಲಿ.

ಅಗೆದ ಮಣ್ಣಿಗೆ ಟಾರ್ಪಾಲು ಹೊದೆಸಿ
(ಹೊದಿಕೆಯ ಹೆಸರಿನಲ್ಲೂ ಟಾರು)
ಟಾರು ರಸ್ತೆಯಲ್ಲಿ ಲಾರಿಗಳು ಹೋಗುತ್ತವೆ.
"ಎಲ್ಲಿಗೆ?" ಎಂದರು ಐಸಮ್ಮ.
"ದೂರ."
"ದೂರದಲ್ಲಿ ಬಾವಿ ಇಲ್ಲವಾ?"
ನನ್ನ ಗ್ಲೌಸಿನ ಬೆರಳೊಂದು ಹರಿದಿತ್ತು,
ಅದನ್ನು ನೋಡುತ್ತ ನಿಂತೆ.

ಕಂಪೆನಿಯ ನಕ್ಷೆಯಲ್ಲಿ ಹೊಂಡ ಎರಡು.
ಮೊನ್ನೆ ಊಟಕ್ಕೆ ಕುಳಿತಾಗ ಅಪ್ಪ, ತಟ್ಟೆಯಿಂದ ತಲೆಯೆತ್ತದೆ,
"ಮೂರು" ಎಂದರು.
ಮರುದಿನ ಕೊಡೆ ಹಿಡಿದು ಬಂದರು.
ಬಾಯ್ಲರಿನ ಮುರುಕು ಗೋಡೆಯಿಂದ ಸೊಂಟ ಹಿಡಿದು ಅಳೆದರು,
ಕಾಡು ಬಸಳೆ ಹಬ್ಬಿದ ಕಡೆ ನಿಂತು, ಕೊಡೆಯ ತುದಿ ಊರಿ,
"ಒಂದೇ ರಾತ್ರಿ ಮುಚ್ಚಿದ್ದು. ಹದಿನಾಲ್ಕು ಜನ.
ಸೂಪರ್‌ವೈಸರ್ ಎಲ್ಲರಿಗೂ ಬಿರಿಯಾನಿ ತರಿಸಿದ್ದ."

ಕೊಳವೆ ನಾಲ್ಕು ಮೀಟರಿಗೇ ಕಪ್ಪಾಗಿ ಬಂತು.

ನಮೂನೆಯಲ್ಲಿ ಒಂದು ಕಲಮು: ಮಾಹಿತಿ ನೀಡಿದವರು.
ಪೆನ್ನು ಹಿಡಿದು ಅವರತ್ತ ನೋಡಿದೆ.
ಕೊಡೆ ಮಡಚಿದ್ದರು.
ಹನ್ನೆರಡರ ಬಿಸಿಲು ಹಣೆಗೆ, ಮೂಗಿಗೆ,
ಕತ್ತಿನ ಆ ಹಳೆಯ ಕಪ್ಪು ಗಂಟಿಗೆ ನೇರ ಬೀಳುತ್ತಿತ್ತು.
"ಪೂರ್ತಿ ಹೆಸರು ಬರೆ" ಎಂದರು,
"ತಂದೆಯ ಹೆಸರೂ ಸೇರಿಸಿ."